ಗಾಲಿಯಿಲ್ಲದ ಹಲಗೆ

ಬಳ್ಳಾರಿಗೆ ಇರುವುದು ಎರಡೇ ಋತುಗಳೆಂದು ಆ ಊರಿನವರೇ ನಗೆಯಾಡುವುದುಂಟು. ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ. ಈ ಎರಡನೆಯ ಋತುವಿನಲ್ಲಿ ಶಾಲೆಗಳಿಗೆ ರಜೆ ಬಂದೊಡನೆಯೇ ಅಲ್ಲಿನ ತಂದೆತಾಯಿಗಳಿಗೆ ಒಂದು ಚಿಂತೆ ತಲೆದೋರುತ್ತದೆ. ಸುತ್ತಲಿನ ಬಂಡೆಗುಡ್ಡಗಳು ಕಾದು ಕೆಂಡವಾಗಿರುವ ಹಗಲಿನಲ್ಲಿ ಮಕ್ಕಳನ್ನು ಹೊರಗೆ ಬಿಡುವಂತಿಲ್ಲ. ಒಳಗೆ ಕೂಡಿಹಾಕಿದರೆ ಮನೆ ಮನೆಯಾಗಿ ಉಳಿಯುವುದಿಲ್ಲ. ಮಕ್ಕಳು ಆಡಬೇಕು, ಆದರೆ ಬಿಸಿಲಿಗೆ ಹೋಗಕೂಡದು. ಕುಣಿಯಬೇಕು, ಆದರೆ ಬೀಳಕೂಡದು. ಇಂಥದೊಂದು ಆಟವನ್ನು ಯಾರಾದರೂ ಕಂಡುಹಿಡಿಯಬಾರದೆ ಎಂದು ಹಿರಿಯರು ಹಂಬಲಿಸಿದರೆ ಅದರಲ್ಲಿ ತಪ್ಪೇನೂ ಇಲ್ಲ.

ಕಂಡುಹಿಡಿದವರೂ ಇದ್ದರು. ಅಮೆರಿಕದ ಆ್ಯಕ್ಟಿವಿಷನ್ ಸಂಸ್ಥೆಯವರು 2009ರ ನವೆಂಬರ್ ತಿಂಗಳಲ್ಲಿ ‘ಟೋನಿ ಹಾಕ್: ರೈಡ್’ ಎಂಬ ವಿಡಿಯೋ ಆಟವನ್ನು ಮಾರುಕಟ್ಟೆಗೆ ತಂದರು. ಅದನ್ನು ಸಿದ್ಧಪಡಿಸಿದವರು ಷಿಕಾಗೋ ನಗರದ ರೋಬೋಮೋಡೋ ಎಂಬ ಕಾರ್ಯಾಗಾರದವರು. ಆಟದ ತಟ್ಟೆಯೊಂದಿಗೆ ಒಂದು ದಪ್ಪನಾದ ಕಪ್ಪು ಹಲಗೆಯೂ ಬರುತ್ತಿದ್ದಿತು. ಹಲಗೆಯನ್ನು ನೆಲದ ಮೇಲಿಟ್ಟು, ಅದರ ಮೇಲೆ ನಿಂತು, ಮೈಯನ್ನು ಅತ್ತಿತ್ತ ಬಾಗಿಸಿದರೆ ಟಿ.ವಿ. ಪರದೆಯ ಮೇಲಿನ ಹುಡುಗನೂ ತನ್ನ ಹಲಗೆಬಂಡಿಯ ಮೇಲೆ ಅತ್ತಿತ್ತ ಬಾಗಬೇಕು. ಇಲ್ಲಿ ಹಲಗೆಯ ತುದಿಯನ್ನು ಒತ್ತಿ ಮೇಲೆತ್ತಿದರೆ ಅಲ್ಲಿ ಅವನು ಗಾಳಿಗೆ ಹಾರಬೇಕು. ಹಲಗೆಯೂ ಸೇರಿ ಅದರ ಬೆಲೆ ಸುಮಾರು 120 ಡಾಲರುಗಳು. ಅಂದಿನ ಲೆಕ್ಕದಲ್ಲಿ ಐದೂವರೆ ಸಾವಿರ ರೂಪಾಯಿಗಳಷ್ಟು.

2010ರ ಮೇ ತಿಂಗಳ ಒಂದು ಮಧ್ಯಾಹ್ನ ಬಳ್ಳಾರಿಯ ಗಾಂಧಿನಗರದ ಒಂದು ಮನೆಗೆ ಈ ಹಲಗೆ ಬಂದಿಳಿಯಿತೆಂದು ವಾಚಕರು ಊಹಿಸಿಕೊಳ್ಳಬಹುದು. ಮನೆ ಕಲ್ಪನೆಯದು, ಹಲಗೆ ಮಾತ್ರ ಕಲ್ಪನೆಯದಲ್ಲ. ಟೆಕ್ಸಾಸಿನಲ್ಲಿರುವ ಚಿಕ್ಕಪ್ಪ ರಜೆಗೆ ಬಂದವನು ಅಣ್ಣನ ಮಕ್ಕಳಿಗೆಂದು ಆಟದ ಯಂತ್ರವನ್ನೂ ಅದರ ಜೊತೆಗೆ ಈ ಹಲಗೆಯನ್ನೂ ತಂದಿದ್ದಾನೆ. ಹನ್ನೊಂದು ವರ್ಷದ ಹುಡುಗ, ಒಂಬತ್ತು ವರ್ಷದ ಹುಡುಗಿ. ಇಬ್ಬರ ಸಂಭ್ರಮವನ್ನೂ ಹೇಳತೀರದು. ತಂದೆ ಬ್ಯಾಂಕಿನಿಂದ ಬಂದವರು ಕುರ್ಚಿಗಳನ್ನು ಗೋಡೆಗೆ ಸರಿಸಿ ನಡುಮನೆಯನ್ನು ತೆರವು ಮಾಡಿಕೊಟ್ಟರು. ಮೂಲೆಯಲ್ಲಿ ಅಕ್ಕಿ ಆರಿಸುತ್ತ ಕುಳಿತಿದ್ದ ಅಜ್ಜಿ ಹಲಗೆಯನ್ನು ಹತ್ತಿರಕ್ಕೆ ತರಿಸಿಕೊಂಡು, ಮಗುಚಿ ಹಾಕಿ, ತಳವನ್ನು ನೋಡಿದರು.

“ಇದಕ್ಕೆ ಗಾಲಿ ಎಲ್ಲೋ?”

“ಗಾಲಿ ಟಿ.ವಿ.ಯೊಳಗೆ ಅದಾವಜ್ಜಿ.”

“ಹಂಗಾದ್ರೆ ಬೀಳೋನೂ ಟಿ.ವಿ.ಯೊಳಗೇ ಬೀಳ್ತಾನೇನು?”

“ಹೂಂ ಅಜ್ಜಿ, ನಮಗೇನೂ ಆಗಲ್ಲ.”

ಈ ಉತ್ತರದಿಂದ ಮನೆಯವರೆಲ್ಲರಿಗೂ ಸಮಾಧಾನವಾಯಿತು. ಅಜ್ಜಿಗೆ ಆಯಿತೋ ಇಲ್ಲವೋ ತಿಳಿಯದು; ಅವರು ಮತ್ತೆ ಮೊರವನ್ನು ಕೈಗೆತ್ತಿಕೊಂಡರು.

ಮೊದಲ ದಿನ ಎಲ್ಲವೂ ಸೊಗಸಾಗಿಯೇ ನಡೆಯಿತು. ಆಟದಲ್ಲಿ ಮೂರು ಮಟ್ಟಗಳು. ಅತ್ಯಂತ ಸುಲಭದ ಮಟ್ಟದಲ್ಲಿ ದಾರಿಯ ತಿರುವುಗಳನ್ನೆಲ್ಲ ಯಂತ್ರವೇ ನೋಡಿಕೊಳ್ಳುತ್ತದೆ. ಆಡುವವರು ಸಮಯಕ್ಕೆ ಸರಿಯಾಗಿ ಹಾರಿದರೆ ಸಾಕು. ಮಕ್ಕಳಿಗೆ ಇದು ಎರಡನೆಯ ದಿನಕ್ಕೆ ಬೇಸರವಾಯಿತು. ತಮ್ಮ ದಾರಿಯನ್ನು ತಾವೇ ಹಿಡಿಯಬೇಕಾದ ಮೇಲಿನ ಮಟ್ಟಕ್ಕೆ ಹೋದರು. ಅಲ್ಲಿಂದ ಜಗಳ ಮೊದಲಾಯಿತು. ಹುಡುಗ ಎಡಕ್ಕೆ ಬಾಗಿದರೆ ಪರದೆಯ ಹುಡುಗ ಒಮ್ಮೆ ಬಾಗುವನು, ಒಮ್ಮೆ ನೆಟ್ಟಗೆ ಹೋಗಿ ಗೋಡೆಗೆ ಡಿಕ್ಕಿ ಹೊಡೆಯುವನು. ಹುಡುಗಿ ಒಂದು ವರಸೆಯನ್ನು ಮಾಡಲು ಹೊರಟರೆ ಪರದೆಯ ಮೇಲೆ ಬೇರೊಂದು ವರಸೆಯೇ ನಡೆದುಹೋಗುವುದು. ಅದಕ್ಕೆ ಅಂಕಗಳೂ ದೊರೆಯುವುವು! ನಾಲ್ಕನೆಯ ದಿನ ಹುಡುಗ ಹಲಗೆಯಿಂದಿಳಿದು ಅಳುಮೋರೆ ಮಾಡಿಕೊಂಡು ಹೇಳಿದನು: “ನಾನು ಸರಿಯಾಗೇ ಮಾಡ್ದೆ. ಅದಕ್ಕೇ ತಿಳೀಲಿಲ್ಲ.”

ಈ ಮನೆಯ ಹುಡುಗನ ದೂರು ಜಗತ್ತಿನ ದೂರೂ ಆಗಿದ್ದಿತು. ಆಟವನ್ನು ಪರೀಕ್ಷಿಸಿ ಬರೆದ ವಿಮರ್ಶಕರಲ್ಲಿ ಹೆಚ್ಚಿನವರು ಅದನ್ನು ಕಟುವಾಗಿ ಟೀಕಿಸಿದರು. ಹಲಗೆ ಹೇಳಿದ ಮಾತು ಕೇಳುವುದಿಲ್ಲ, ಕೇಳಿದರೂ ತಡವಾಗಿ ಕೇಳುತ್ತದೆ ಎಂಬುದೇ ಅವರ ಮುಖ್ಯ ಆಕ್ಷೇಪ. ಅದೇ ಹಲಗೆಯನ್ನು ಉಪಯೋಗಿಸುವ ‘ಷ್ರೆಡ್’ ಎಂಬ ಇನ್ನೊಂದು ಆಟ 2010ರಲ್ಲಿ ಹೊರಬಂದಿತು, ಕೊಳ್ಳುವವರು ಕಡಿಮೆಯಾದರು. ಅಲ್ಲಿಗೆ ಹಲಗೆಯ ಕಥೆ ಮುಗಿಯಿತು.

ಇಷ್ಟೊಂದು ಹಣ ಸುರಿದು, ಇಷ್ಟೊಂದು ಜಾಣ್ಮೆ ಖರ್ಚು ಮಾಡಿ ಕಟ್ಟಿದ ವಸ್ತು ಹೀಗೆ ಏಕೆ ಸೋತಿತು? ಇದನ್ನು ತಿಳಿಯಲು ಹಲಗೆಯ ಹೊಟ್ಟೆಯೊಳಗೆ ಏನಿದ್ದಿತೆಂಬುದನ್ನು ನೋಡಬೇಕು.

ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ಬಸ್ಸಿನಲ್ಲಿ ಕಣ್ಣು ಮುಚ್ಚಿಕೊಂಡು ನಿಂತಿರುವ ಒಬ್ಬ ಪ್ರಯಾಣಿಕನನ್ನು ನೆನೆದುಕೊಳ್ಳಿ. ಚಾಲಕ ಬ್ರೇಕು ಹಾಕಿದರೆ ಅವನು ಮುಂದಕ್ಕೆ ಮುಗ್ಗರಿಸುತ್ತಾನೆ. ವೇಗ ಹೆಚ್ಚಿಸಿದರೆ ಹಿಂದಕ್ಕೆ ವಾಲುತ್ತಾನೆ. ಬಸ್ಸು ಬಲಕ್ಕೆ ತಿರುಗಿದರೆ ಎಡಗಡೆಯವರ ಮೇಲೆ ಬೀಳುತ್ತಾನೆ. ಹೊರಗೆ ಏನೂ ಕಾಣದಿದ್ದರೂ ತನ್ನ ಮೈಯ ತೂಗಾಟದಿಂದಲೇ ಬಸ್ಸಿನ ನಡೆಯನ್ನು ಅವನು ಊಹಿಸಬಲ್ಲನು. ಹಲಗೆಯೊಳಗಿದ್ದ ವೇಗೋತ್ಕರ್ಷಮಾಪಕಗಳು ಇಂಥ ಪುಟ್ಟ ಪ್ರಯಾಣಿಕರೇ. ಸಿಲಿಕಾನಿನ ಚಿಪ್ಪಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣದಾದ ಒಂದು ತೂಕ ತೂಗಾಡುತ್ತಿರುತ್ತದೆ; ಅದು ಎತ್ತ ಸರಿಯಿತು, ಎಷ್ಟು ಸರಿಯಿತು ಎಂಬುದನ್ನು ವಿದ್ಯುತ್ತಿನ ಮೂಲಕ ಅಳೆದು ಯಂತ್ರಕ್ಕೆ ತಿಳಿಸಲಾಗುತ್ತದೆ. ಇಂದು ಪ್ರತಿಯೊಬ್ಬರ ಜೇಬಿನಲ್ಲಿರುವ ಮೊಬೈಲನ್ನು ಅಡ್ಡ ಹಿಡಿದಾಗ ಚಿತ್ರವೂ ಅಡ್ಡವಾಗುವುದು ಇದೇ ಉಪಾಯದಿಂದ. ಇದರೊಂದಿಗೆ ಹಲಗೆಯ ಅಂಚುಗಳಲ್ಲಿ ಅವಕೆಂಪು ಕಿರಣದ ಕಣ್ಣುಗಳನ್ನು ಇರಿಸಿದ್ದರು. ಆಡುವವನು ನೆಲವನ್ನು ಮೀಟುವಂತೆ ಕಾಲನ್ನು ಹಲಗೆಯ ಪಕ್ಕದಲ್ಲಿ ಬೀಸಿದರೆ, ಅಥವಾ ಬಗ್ಗಿ ಕೈಯಿಂದ ಹಲಗೆಯನ್ನು ಹಿಡಿದರೆ, ಆ ಕಣ್ಣುಗಳು ಅದನ್ನು ಗುರುತಿಸಬೇಕು.

ಆದರೆ ಕಣ್ಣು ಮುಚ್ಚಿದ ಪ್ರಯಾಣಿಕನ ಜ್ಞಾನಕ್ಕೆ ಒಂದು ಮಿತಿಯುಂಟು. ಬಸ್ಸು ಜಗ್ಗಿದ್ದು ಅವನಿಗೆ ಗೊತ್ತು. ರಸ್ತೆಯ ಗುಂಡಿಯಿಂದ ಜಗ್ಗಿತೋ, ಎಮ್ಮೆ ಅಡ್ಡ ಬಂದುದರಿಂದ ಜಗ್ಗಿತೋ ಗೊತ್ತಿಲ್ಲ. ಹಾಗೆಯೇ ಹಲಗೆಗೆ ತಿಳಿಯುವುದು ಅದರ ಓಲಾಟ ಮಾತ್ರ. ಅದರ ಮೇಲೆ ನಿಂತವನ ಉದ್ದೇಶವಲ್ಲ. ಹುಡುಗ ಎಡಕ್ಕೆ ವಾಲಿದನೆಂದರೆ ಅವನಿಗೆ ತಿರುಗುವ ಮನಸ್ಸಿತ್ತೆ, ಅಥವಾ ಕೇವಲ ಸಮತೋಲ ತಪ್ಪಿತೆ? ಹಲಗೆಯ ಮುಂದಿನ ತುದಿ ಮೇಲೆದ್ದಿತೆಂದರೆ ಅದು ಹಾರುವುದಕ್ಕೊ, ನಿಲ್ಲುವುದಕ್ಕೊ? ಪೂರ್ತಿ ಚಲನೆ ಮುಗಿಯುವವರೆಗೆ ಕಾದರೆ ಉತ್ತರ ತಡವಾಗುತ್ತದೆ. ಮುಂಚೆಯೇ ತೀರ್ಮಾನಿಸಿದರೆ ತಪ್ಪಾಗುತ್ತದೆ. ನಿಜವಾದ ಹಲಗೆಬಂಡಿಗೆ ಈ ಪೇಚಾಟವಿಲ್ಲ. ಅದು ಯಾರ ಉದ್ದೇಶವನ್ನೂ ಊಹಿಸಲು ಹೋಗುವುದಿಲ್ಲ. ತೂಕ ಎಡಕ್ಕೆ ಬಿದ್ದರೆ ಎಡಕ್ಕೆ ಹೋಗುತ್ತದೆ, ಹಿಂದಕ್ಕೆ ಬಿದ್ದರೆ ಜಾರಿಕೊಂಡು ಮುಂದಕ್ಕೆ ಓಡುತ್ತದೆ. ಮಾಡಿದ್ದಕ್ಕೆ ತಕ್ಕ ಫಲವನ್ನು ಅದು ಆ ಕ್ಷಣದಲ್ಲಿಯೇ ಕೈಗಿತ್ತುಬಿಡುತ್ತದೆ.

ಇಲ್ಲೊಂದು ವಿಚಿತ್ರವುಂಟು. ಟೋನಿ ಹಾಕ್ ಎಂಬ ಕ್ಯಾಲಿಫೋರ್ನಿಯದ ಆಟಗಾರನ ಹೆಸರಿನಲ್ಲಿ ಮೊದಲ ವಿಡಿಯೋ ಆಟ ಬಂದದ್ದು 1999ರಲ್ಲಿ. ಅದರಲ್ಲಿ ಹಲಗೆಯೂ ಇರಲಿಲ್ಲ, ಬಾಗುವುದೂ ಇರಲಿಲ್ಲ. ಸೋಫಾದ ಮೇಲೆ ಒರಗಿಕೊಂಡು ಎರಡು ಹೆಬ್ಬೆರಳುಗಳಿಂದ ಗುಂಡಿಗಳನ್ನು ಒತ್ತುತ್ತಿದ್ದರು. ನಿಜವಾದ ಆಟಕ್ಕೂ ಅದಕ್ಕೂ ಅಜಗಜಾಂತರ. ಆದರೂ ಜನ ಅದನ್ನು ಮನಸಾರೆ ಮೆಚ್ಚಿದರು. ಅದರ ಹಳೆಯ ಭಾಗಗಳನ್ನು ಹೊಸದಾಗಿ ಸಿದ್ಧಪಡಿಸಿ 2020ರಲ್ಲಿ ಮತ್ತೆ ಹೊರತಂದಾಗಲೂ ಹೆಬ್ಬೆರಳಿನ ಗುಂಡಿಗಳೇ ಇದ್ದುವು. ಆಗಲೂ ಜನ ಮುಗಿಬಿದ್ದು ಕೊಂಡರು. ಮೈಯೆಲ್ಲ ಆಡಿಸುವ ಹಲಗೆ ಸೋತು, ಬೆರಳು ಮಾತ್ರ ಆಡಿಸುವ ಗುಂಡಿ ಗೆದ್ದುದೇಕೆ? ಗುಂಡಿ ತಾನು ಹಲಗೆಬಂಡಿಯೆಂದು ಎಂದೂ ಹೇಳಿಕೊಳ್ಳಲಿಲ್ಲ. ಒತ್ತಿದರೆ ಹಾರಿಸುತ್ತೇನೆ ಎಂದಿತು, ಒತ್ತಿದಾಗಲೆಲ್ಲ ಹಾರಿಸಿತು. ತಪ್ಪಿದರೆ ತಪ್ಪು ಬೆರಳಿನದೆಂದು ಆಡುವವನಿಗೆ ನಿಸ್ಸಂದೇಹವಾಗಿ ತಿಳಿಯುತ್ತಿದ್ದಿತು. ಹಾಗೆ ತಿಳಿದವನು ಮಾತ್ರ ಮರುಸಲ ತಿದ್ದಿಕೊಳ್ಳಬಲ್ಲನು. ‘ನಾನು ಸರಿಯಾಗೇ ಮಾಡ್ದೆ, ಅದಕ್ಕೇ ತಿಳೀಲಿಲ್ಲ’ ಎಂಬ ಮಾತು ಎಲ್ಲಿ ಹುಟ್ಟುತ್ತದೆಯೋ ಅಲ್ಲಿ ಕಲಿಕೆ ನಿಂತಿತೆಂದೇ ಅರ್ಥ. ಆ ಮಾತು ಸುಳ್ಳಾಗಿದ್ದರೆ ಮಗುವನ್ನು ತಿದ್ದಬಹುದು. ನಿಜವಾಗಿದ್ದರೆ ಏನು ಮಾಡುವುದು?

ಹಾಕ್ ಎಂಬಾತನೇನೂ ಗಾಲಿಯಿಲ್ಲದ ಹಲಗೆಯ ಮೇಲೆ ನಿಂತು ದೊಡ್ಡವನಾದವನಲ್ಲ. 1999ರ ಜೂನ್ ತಿಂಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ಎಕ್ಸ್ ಗೇಮ್ಸ್ ಪಂದ್ಯಗಳಲ್ಲಿ ಅವನು ಗಾಳಿಯಲ್ಲಿ ಎರಡೂವರೆ ಸುತ್ತು ತಿರುಗಿ ಹಲಗೆಯ ಸಮೇತ ಕೆಳಗಿಳಿದನು. ಆ ವರಸೆಯನ್ನು ಪಂದ್ಯದಲ್ಲಿ ಅದಕ್ಕೆ ಮೊದಲು ಯಾರೂ ಸಾಧಿಸಿರಲಿಲ್ಲ. ಆ ಸಂಜೆ ಅವನು ಸಾವಿರಾರು ಜನರೆದುರಿಗೆ ಒಂದಾದ ಮೇಲೊಂದರಂತೆ ಹಲವು ಸಲ ಬಿದ್ದನು. ಪ್ರತಿ ಸಲವೂ ಎದ್ದು ಮತ್ತೆ ಮೇಲೆ ಹತ್ತಿದನು. ಆಗ ಅವನಿಗೆ ವಯಸ್ಸು ಮೂವತ್ತೊಂದು. ಅವನು ಹುಟ್ಟುವುದಕ್ಕೂ ಮೊದಲು, 1950ರ ದಶಕದಲ್ಲಿ, ಅದೇ ಕ್ಯಾಲಿಫೋರ್ನಿಯದ ಹುಡುಗರು ಮುರಿದ ರೋಲರ್ ಸ್ಕೇಟುಗಳ ಗಾಲಿಗಳನ್ನು ಕಿತ್ತು ಮರದ ಹಲಗೆಗೆ ಜಡಿದುಕೊಂಡು ಬೀದಿಯ ಇಳಿಜಾರಿನಲ್ಲಿ ಜಾರುತ್ತಿದ್ದರು. ಆಟ ಹುಟ್ಟಿದ್ದು ಹಾಗೆ. 1976ರ ಸುಮಾರಿಗೆ ಅಲ್ಲಿ ಬರಗಾಲ ಬಂದು ಮನೆಗಳ ಈಜುಕೊಳಗಳು ಬತ್ತಿದಾಗ ಹುಡುಗರು ಆ ಬರಿದಾದ ಕೊಳಗಳಿಗೇ ಇಳಿದು ಅವುಗಳ ಬಾಗಿದ ಗೋಡೆಗಳ ಮೇಲೆ ಹತ್ತಿ ಇಳಿಯುವುದನ್ನು ಕಲಿತರು. ಬರಗಾಲವನ್ನು ಕಂಡ ಬಳ್ಳಾರಿ ಸೀಮೆಯವರಿಗೆ ಈ ಸಂಗತಿ ತುಸು ಸೋಜಿಗವಾಗಿ ತೋರಬಹುದು.

ಆದರೆ ಹಲಗೆಗೆ ಗಾಲಿ ಜಡಿಯುವ ವಿದ್ಯೆಯಂತೂ ಬಳ್ಳಾರಿ ಸೀಮೆಯವರಿಗೆ ಸೋಜಿಗವಲ್ಲ. ಆ ಮನೆಯ ಮಕ್ಕಳು ರಜೆಯ ಕೊನೆಯಲ್ಲಿ ಸಿರುಗುಪ್ಪಕ್ಕೆ, ತಾಯಿಯ ತವರಿಗೆ, ಹೋದರೆನ್ನೋಣ. ಸಿರುಗುಪ್ಪ ತುಂಗಭದ್ರೆಯ ನೀರುಂಡ ಭತ್ತದ ಸೀಮೆ, ಅಕ್ಕಿ ಗಿರಣಿಗಳ ಊರು. ಗಿರಣಿಗಳಿರುವಲ್ಲಿ ಸವೆದ ಬೇರಿಂಗುಗಳೂ ಇದ್ದೇ ಇರುತ್ತವೆ. ಯಂತ್ರದವನಿಗೆ ಅವು ಕಸ, ಹುಡುಗರಿಗೆ ರಥಚಕ್ರ. ಹಿಂದೆ ಎರಡು, ಮುಂದೆ ಒಂದು ಬೇರಿಂಗನ್ನು ಮರದ ಅಚ್ಚಿಗೆ ಬಿಗಿದು, ಮೇಲೊಂದು ಹಲಗೆ ಜಡಿದರೆ ಬೇರಿಂಗ್ ಗಾಡಿ ಸಿದ್ಧ. ಕರ್ನಾಟಕದ ಊರೂರುಗಳಲ್ಲಿ ಒಂದೆರಡು ತಲೆಮಾರಿನ ಹುಡುಗರು ಈ ಗಾಡಿಯ ಮೇಲೆಯೇ ಬೆಳೆದವರು. ಕ್ಯಾಲಿಫೋರ್ನಿಯದ ಹೆಸರನ್ನು ಕೂಡ ಕೇಳದೆ ಅವರು ಕ್ಯಾಲಿಫೋರ್ನಿಯದವರು ಕಂಡುಹಿಡಿದುದನ್ನೇ ಕಂಡುಹಿಡಿದಿದ್ದರು.

ಸೋದರಮಾವನ ಮಗ ಗಿರಣಿಯ ಮುಂದಿನ ಸಿಮೆಂಟು ಕಣದಲ್ಲಿ ತನ್ನ ಗಾಡಿಯನ್ನು ಇಳಿಸಿದನು. ಬೆಳಗಿನ ಆರೂವರೆ ಗಂಟೆ. ಬಿಸಿಲು ಇನ್ನೂ ಏರಿಲ್ಲ. ಒಬ್ಬನು ಕೂರಬೇಕು, ಇಬ್ಬರು ನೂಕಬೇಕು. ಬಳ್ಳಾರಿಯ ಹುಡುಗ ಮೊದಲ ಸುತ್ತಿನಲ್ಲಿಯೇ ತಿರುವಿನಲ್ಲಿ ಉರುಳಿಬಿದ್ದನು. ಮಂಡಿ ತರಚಿತು, ಚಡ್ಡಿ ಹರಿಯಿತು. ಅವನು ಅತ್ತನೆ? ಅಳಲಿಲ್ಲ. ಎದ್ದು ನಿಂತು, “ಮುಂದಕ್ಕೆ ಜಾಸ್ತಿ ಬಗ್ಗಿಬಿಟ್ಟೆ” ಎಂದನು. ಮರುಸುತ್ತಿನಲ್ಲಿ ಅಷ್ಟು ಬಗ್ಗಲಿಲ್ಲ. ಗಾಡಿ ತಿರುವನ್ನು ದಾಟಿತು. ನಾಲ್ಕು ದಿನಗಳ ಕಾಲ ನಡುಮನೆಯಲ್ಲಿ ದೊರೆಯದ ಅರಿವು ನಾಲ್ಕು ನಿಮಿಷಗಳಲ್ಲಿ ಕಣದಲ್ಲಿ ದೊರೆಯಿತು.

ಸಂಜೆ ಮನೆಯಲ್ಲಿ ದೊಡ್ಡ ಗಲಾಟೆಯೇ ಆಯಿತು. ತಾಯಿ ಅರಿಸಿನ ಹಚ್ಚುತ್ತ ಬೈದಳು. ವಿಷಯ ತಿಳಿದು ಬಳ್ಳಾರಿಯಿಂದ ಫೋನು ಮಾಡಿದ ತಂದೆ, ಅಷ್ಟು ಬೆಲೆಯ ಆಟಿಗೆ ಮನೆಯಲ್ಲಿರುವಾಗ ಇಂಥ ಕಬ್ಬಿಣದ ಗಾಡಿ ಏಕೆ ಬೇಕಾಗಿತ್ತೆಂದು ಕೇಳಿದರು. ಫೋನನ್ನು ಮಗನಿಂದ ಇಸಿದುಕೊಂಡ ಅಜ್ಜಿ ಆಗ ಸೊಸೆಯೊಡನೆ ಮಾತನಾಡಿದರು. ಅಜ್ಜಿ ಕುರುಗೋಡಿನಲ್ಲಿ ಹುಟ್ಟಿ ಬೆಳೆದವರು. ದೊಡ್ಡಬಸವೇಶ್ವರನ ತೇರನ್ನು ಪ್ರತಿವರ್ಷವೂ ನೋಡಿದವರು. ಮಿಣಿಯನ್ನು ಸಾವಿರ ಕೈಗಳು ಎಳೆಯುತ್ತವೆ, ನಿಜ. ಆದರೆ ಅಷ್ಟು ದೊಡ್ಡ ತೇರನ್ನು ದಾರಿಯಲ್ಲಿ ಇಡುವವರು ಗಾಲಿಯ ಪಕ್ಕದಲ್ಲಿ ಮರದ ತುಂಡು ಹಿಡಿದು ನಡೆಯುವ ಕೆಲವರೇ. ತುಂಡನ್ನು ಗಾಲಿಯಡಿಗೆ ಕೊಟ್ಟರೆ ತೇರು ನಿಲ್ಲುತ್ತದೆ. ಒಂದು ಬದಿಗೆ ಕೊಟ್ಟರೆ ಆ ಕಡೆಗೆ ತಿರುಗುತ್ತದೆ. ತುಸು ತಪ್ಪಿದರೂ ಅಪಾಯ.

“ನಮ್ಮಪ್ಪ ಆ ಕೆಲ್ಸ ಮಾಡ್ತಿದ್ದ ಕಣವ್ವ” ಎಂದರು ಅಜ್ಜಿ. “ಮನೇಲಿ ಕುಂತು ಕಲ್ತಿದ್ದಲ್ಲ. ಸಣ್ಣೋನಿದ್ದಾಗಿಂದ ದೊಡ್ಡೋರು ಪಕ್ಕದಾಗ ನಿಂತು, ಅವನ ಕೈಯಾಗ ತುಂಡು ಕೊಟ್ಟು ಕಲ್ಸಿದ್ರು. ಬಿಟ್ಟೂ ಕೊಡ್ಲಿಲ್ಲ, ಬಿಟ್ಟೂ ಹೋಗ್ಲಿಲ್ಲ.”

ಅಜ್ಜಿಯ ಈ ಕೊನೆಯ ಮಾತಿನಲ್ಲಿ ವಿಚಾರದ ತಿರುಳೆಲ್ಲ ಅಡಗಿದೆ. ಮಕ್ಕಳನ್ನು ಕಾಪಾಡುವ ಬಗೆಗಳು ಎರಡು. ನೆಲವನ್ನೇ ಅವರಿಂದ ದೂರಮಾಡುವುದು ಒಂದು. ನೆಲದ ಮೇಲೆ ಅವರ ಪಕ್ಕದಲ್ಲಿ ನಿಲ್ಲುವುದು ಇನ್ನೊಂದು. ಮೊದಲನೆಯದಕ್ಕೆ ಹಣ ಬೇಕು, ಎರಡನೆಯದಕ್ಕೆ ಬೆಳಗಿನ ಒಂದು ಗಂಟೆ ಬೇಕು. ನಗರದ ಗೃಹಸ್ಥನಿಗೆ ಇವೆರಡರಲ್ಲಿ ಯಾವುದು ಹೆಚ್ಚು ದುಬಾರಿಯೆಂಬುದನ್ನು ಹೇಳಬೇಕಾದುದಿಲ್ಲ. ಹಾಗೆಂದು ತಂದೆಯ ಭಯವನ್ನು ಹುಸಿಯೆನ್ನುವಂತಿಲ್ಲ. ಅದಿರಿನ ಲಾರಿಗಳು ಓಡಾಡುವ ಸೀಮೆಯಲ್ಲಿ ಮಗುವನ್ನು ಗಾಲಿಯ ಹಲಗೆಯ ಮೇಲೆ ಬೀದಿಗೆ ಬಿಡಿರೆಂದು ವಿವೇಕವುಳ್ಳವರು ಯಾರೂ ಹೇಳಲಾರರು. ಬೀಳುವುದಕ್ಕೂ ಒಂದು ಸ್ಥಳ ಬೇಕು. ಆ ಸ್ಥಳವನ್ನು ಒದಗಿಸುವುದು ಹಿರಿಯರ ಕರ್ತವ್ಯ. ಬೆಂಗಳೂರಿನಲ್ಲಿ 2013ರಲ್ಲಿ ಹೋಲಿಸ್ಟೋಕ್ಡ್ ಎಂಬ ತರುಣರ ತಂಡ ಹಲಗೆಬಂಡಿಯವರಿಗಾಗಿ ಸಿಮೆಂಟಿನ ಒಂದು ಕ್ರೀಡಾಂಗಣವನ್ನು ಕಟ್ಟಿ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿತು. 2021ರಲ್ಲಿ ಟೋಕಿಯೋದಲ್ಲಿ ನಡೆದ ಒಲಿಂಪಿಕ್ಸಿನಲ್ಲಿ ಈ ಆಟಕ್ಕೆ ಮೊದಲ ಬಾರಿಗೆ ಸ್ಥಾನ ದೊರೆತಾಗ ಚಿನ್ನದ ಪದಕ ಗೆದ್ದವರಲ್ಲಿ ಒಬ್ಬಳು ಹದಿಮೂರು ವರ್ಷದ ಜಪಾನಿ ಹುಡುಗಿ, ಮೊಮಿಜಿ ನಿಶಿಯಾ. ಅವಳ ಮಂಡಿಗಳು ಎಷ್ಟು ಸಲ ತರಚಿದ್ದುವೋ ಅವಳ ತಾಯಿಗೇ ಗೊತ್ತು.

ಪ್ರತಿಯೊಂದು ಊರಿನಲ್ಲಿಯೂ ಅಂಥ ಕ್ರೀಡಾಂಗಣ ನಾಳೆಯೇ ಎದ್ದು ನಿಲ್ಲಲಾರದು. ಆದರೆ ರಜೆಯಲ್ಲಿ ಬಾಗಿಲು ಮುಚ್ಚಿದ ಶಾಲೆಯ ಅಂಗಳವನ್ನು ಬೆಳಗಿನ ಒಂದು ಗಂಟೆ ತೆರೆಯಿಸಲು, ತಲೆಗೆ ಒಂದು ಹೆಲ್ಮೆಟ್ಟು ಕೊಡಿಸಲು, ಓಣಿಯ ನಾಲ್ಕು ಜನ ತಂದೆತಾಯಿಗಳು ಸರದಿಯಂತೆ ಬಂದು ನಿಲ್ಲಲು ಸರ್ಕಾರದ ಮಂಜೂರಾತಿಯೇನೂ ಬೇಕಾಗಿಲ್ಲ.

ಬಳ್ಳಾರಿ ಜೀನ್ಸ್ ಉಡುಪಿನ ಹೊಲಿಗೆಗೆ ಹೆಸರಾದ ಊರು. ಮಂಡಿಯಲ್ಲಿ ಮೊದಲೇ ಹರಿದ ಜೀನ್ಸನ್ನು ಹೆಚ್ಚು ಹಣ ಕೊಟ್ಟು ಕೊಳ್ಳುವ ಕಾಲ ಇದು. ಬೀಳದೆಯೇ ಹರಿದ ಆ ಮಂಡಿಗೂ ಗಾಲಿಯಿಲ್ಲದ ಆ ಹಲಗೆಗೂ ಹತ್ತಿರದ ನಂಟು. ಎರಡೂ ಪಡಬೇಕಾದ ಪಾಡನ್ನು ಬಿಟ್ಟು ಅದರ ಗುರುತನ್ನು ಮಾತ್ರ ಮಾರುತ್ತವೆ. ಸಿರುಗುಪ್ಪದಲ್ಲಿ ಹರಿದ ಚಡ್ಡಿಯನ್ನು ಹುಡುಗ ಬಳ್ಳಾರಿಗೆ ತಂದಾಗ ಅಜ್ಜಿ ಅದಕ್ಕೆ ತೇಪೆ ಹಾಕಿಕೊಟ್ಟರು; ಅವನು ಶಾಲೆ ತೆರೆಯುವವರೆಗೂ ಅದನ್ನೇ ತೊಟ್ಟನು.

ತಂದೆಯ ಮನಸ್ಸೂ ತುಸು ಮೆತ್ತಗಾಯಿತು. ಒಂದು ಭಾನುವಾರ ಬೆಳಿಗ್ಗೆ ಅವರು ಗ್ಯಾರೇಜಿನಿಂದ ನಾಲ್ಕು ಹಳೆಯ ಬೇರಿಂಗುಗಳನ್ನು ಕಾಗದದಲ್ಲಿ ಸುತ್ತಿ ತಂದರು. ಮಕ್ಕಳಿಬ್ಬರೂ ಟಿ.ವಿ.ಯ ಮುಂದಿನ ಕಪ್ಪು ಹಲಗೆಯನ್ನು ಎತ್ತಿಕೊಂಡು ಅಂಗಳಕ್ಕೆ ಓಡಿಬಂದರು; ಅದಕ್ಕೇ ಗಾಲಿ ಹಾಕಬೇಕೆಂದು ಹಟ ಹಿಡಿದರು. ತಂದೆ ಸುತ್ತಿಗೆಯನ್ನು ಕೈಯಲ್ಲಿ ಹಿಡಿದು, ಹಲಗೆಯನ್ನು ತಿರುವಿ, ತಟ್ಟಿ ನೋಡಿದರು. ಒಳಗೆಲ್ಲ ತಂತಿ, ಮೇಲೆಲ್ಲ ಪ್ಲಾಸ್ಟಿಕ್ಕು. ಅದು ಮೊಳೆ ಹಿಡಿಯುವ ಜಾತಿಯದಲ್ಲ.

“ಅಟ್ಟದ ಮೇಲೆ ನಿಮ್ಮಜ್ಜನ ಕಾಲದ ಹಲಗೆ ಒಂದು ಐತಿ” ಎಂದರು ಅಜ್ಜಿ ಒಳಗಿನಿಂದ. “ಅದನ್ನ ಇಳ್ಸಿಕೊಳ್ರಿ.”